ಹೆಸರಿನ ಹಂಗು ತೊರೆದ ಸೇವೆ



ಸೇವೆ ಎಂಬ ಪದಕ್ಕೆ ನಮ್ಮ ದಿನಗಳಲ್ಲಿ ವಿಚಿತ್ರವಾದ ಸಹವಾಸವೊಂದು ಒದಗಿದೆ. ಸೇವೆ ಇರುವಲ್ಲೆಲ್ಲ ಸೇವಕನ ಭಾವಚಿತ್ರವೂ ಇರಬೇಕೆಂಬ ನಿಯಮ ಯಾರೂ ಬರೆಯದೆಯೇ ಜಾರಿಗೆ ಬಂದಿದೆ. ಗುರುದೀಕ್ಷೆಯ ರಜತೋತ್ಸವ ಬಂದರೆ ಬಸ್ ನಿಲ್ದಾಣದವರೆಗೆ ಫ್ಲೆಕ್ಸ್ ಫಲಕಗಳು ಏಳುತ್ತವೆ. ಹೊಸ ಸಭಾಭವನ ಕಟ್ಟಿದರೆ ಗೋಡೆಗಿಂತ ಮೊದಲು ಅಮೃತಶಿಲೆಯ ಹೆಸರುಫಲಕ ಸಿದ್ಧವಾಗುತ್ತದೆ. ಭಾನುವಾರದ ಪ್ರಬೋಧನೆ ಸಂಜೆಯ ಹೊತ್ತಿಗೆ ಮೊಬೈಲುಗಳಲ್ಲಿ ಹರಿದಾಡಿ, ಎಷ್ಟು ಮಂದಿ ನೋಡಿದರೆಂಬ ಲೆಕ್ಕ ಸೋಮವಾರ ಬೆಳಿಗ್ಗೆ ದೊರೆಯುತ್ತದೆ. ಇವುಗಳಲ್ಲಿ ಯಾವುದೂ ತನ್ನಷ್ಟಕ್ಕೆ ಪಾಪವೆಂದು ನಾವು ಹೇಳುತ್ತಿಲ್ಲ. ಆದರೆ ಇವೆಲ್ಲವೂ ಸೇರಿ ಗುರುವಿನ ಮನಸ್ಸಿನಲ್ಲಿಯೂ ಜನರ ಮನಸ್ಸಿನಲ್ಲಿಯೂ ಒಂದು ತಪ್ಪು ಅಳತೆಗೋಲನ್ನು ನೆಡುತ್ತಿವೆ ಎಂಬುದು ನಮ್ಮ ಅಭಿಪ್ರಾಯ. ಜನಪ್ರಿಯನಾದವನು ಒಳ್ಳೆಯ ಗುರು, ಹೆಸರಿಲ್ಲದವನು ಸೋತ ಗುರು ಎಂಬುದೇ ಆ ಅಳತೆಗೋಲು.

ಈ ಅಳತೆಗೋಲನ್ನು ಕ್ರೈಸ್ತ ಸೇವೆಯೊಳಗೆ ತರಬಾರದು ಎಂದು ಇಂದಿನ ಅಂಕಣದಲ್ಲಿ ವಾದಿಸಬಯಸುತ್ತೇವೆ. ಗುರುವು ಜನಪ್ರಿಯತೆಯನ್ನು ಅರಸಬಾರದು. ಅದು ತಾನಾಗಿ ಬಂದರೆ ಅದರಿಂದ ಪಕ್ಕಕ್ಕೆ ಸರಿದು ನಿಲ್ಲುವ ವಿದ್ಯೆಯನ್ನು ಕಲಿಯಬೇಕು. ಇದು ಗುರುವಿನ ಆತ್ಮದ ಖಾಸಗಿ ವಿಷಯ ಮಾತ್ರವಲ್ಲ. ಧರ್ಮಕೇಂದ್ರದ ಅತ್ಯಂತ ದುರ್ಬಲನಾದ ವ್ಯಕ್ತಿಯ ಹಿತ ಇದರಲ್ಲಿ ಅಡಗಿದೆ.

ಮೊದಲು ಒಂದು ವ್ಯತ್ಯಾಸವನ್ನು ಸ್ಪಷ್ಟಪಡಿಸಿಕೊಳ್ಳೋಣ. ನಮ್ಮ ಸೊರಬ ಮತ್ತು ಶಿಕಾರಿಪುರದ ಜನರಿಗೆ ಜನಪ್ರಿಯತೆ ಎಂದರೇನೆಂದು ಯಾರೂ ಕಲಿಸಬೇಕಾಗಿಲ್ಲ. ಅಕ್ಕಪಕ್ಕದ ಈ ಎರಡು ತಾಲ್ಲೂಕುಗಳು ನಾಡಿಗೆ ಇಬ್ಬರು ಮುಖ್ಯಮಂತ್ರಿಗಳನ್ನು ಕೊಟ್ಟಿವೆ: ಸೊರಬದ ಎಸ್. ಬಂಗಾರಪ್ಪನವರು 1990ರಲ್ಲಿ ಆ ಪೀಠವೇರಿದರು. ಶಿಕಾರಿಪುರ ಕ್ಷೇತ್ರದ ಬಿ.ಎಸ್. ಯಡಿಯೂರಪ್ಪನವರು 2007ರಲ್ಲಿ ಮೊದಲ ಬಾರಿಗೆ ಏರಿದರು. ರಾಜಕಾರಣದಲ್ಲಿ ಜನಪ್ರಿಯತೆ ದೋಷವಲ್ಲ. ಜನರ ಒಪ್ಪಿಗೆಯಿಂದಲೇ ಅಧಿಕಾರ ಹುಟ್ಟಬೇಕೆಂಬುದು ಪ್ರಜಾಪ್ರಭುತ್ವದ ಧರ್ಮ. ಮತ ಕೇಳುವವನು ತನ್ನ ಮುಖವನ್ನೂ ಹೆಸರನ್ನೂ ಜನರ ಮುಂದಿಡದೆ ಗತ್ಯಂತರವಿಲ್ಲ. ಆದರೆ ಗುರುವಿನ ಅಧಿಕಾರ ಮತದಿಂದ ಬಂದದ್ದಲ್ಲ. ಅದು ಕಳುಹಿಸಿದವರಿಂದ ಬಂದದ್ದು. ಕಳುಹಿಸಲ್ಪಟ್ಟವನು ತನ್ನ ಹೆಸರಿನಲ್ಲಿ ಮಾತನಾಡುವುದಿಲ್ಲ. ಕಳುಹಿಸಿದವನ ಹೆಸರಿನಲ್ಲಿ ಮಾತನಾಡುತ್ತಾನೆ. ಅಂಚೆಯವನು ತಂದ ಪತ್ರವನ್ನು ಓದಿ ಸಂತೋಷಪಡುತ್ತೇವೆ. ಆದರೆ ಆ ಪತ್ರದ ಮೇಲೆ ಅಂಚೆಯವನೇ ಸಹಿ ಹಾಕಿದ್ದರೆ ಪತ್ರದ ಮೇಲೆಯೇ ಸಂಶಯ ಬರುತ್ತದೆ.

ಈ ಮಾತಿಗೆ ಸಾಕ್ಷಿ ಬೇಕೆಂದು ಬಹುದೂರ ಹೋಗಬೇಕಿಲ್ಲ. ನಮ್ಮ ಮಣ್ಣೇ ಇದಕ್ಕೆ ಸಾಕ್ಷಿ ನುಡಿಯುತ್ತದೆ. ಅಲ್ಲಮಪ್ರಭುಗಳು ಬಳ್ಳಿಗಾವೆಯವರು; ಅಕ್ಕಮಹಾದೇವಿ ಉಡುತಡಿಯವರು; ಸತ್ಯಕ್ಕ ಹಿರೇಜಂಬೂರಿನವರು. ಮೂರು ಊರುಗಳೂ ಶಿಕಾರಿಪುರ ತಾಲ್ಲೂಕಿನವೇ. ಹನ್ನೆರಡನೆಯ ಶತಮಾನದ ಈ ಮೂವರೂ ತಾವು ನುಡಿದ ವಚನಗಳಿಗೆ ತಮ್ಮ ಹೆಸರನ್ನು ಅಂಕಿತವಾಗಿ ಇಡಲಿಲ್ಲ. ಒಬ್ಬರದು ಗುಹೇಶ್ವರ, ಒಬ್ಬರದು ಚೆನ್ನಮಲ್ಲಿಕಾರ್ಜುನ, ಮತ್ತೊಬ್ಬರದು ಶಂಭುಜಕ್ಕೇಶ್ವರ. ನುಡಿದದ್ದು ತಾವಾದರೂ ಮುದ್ರೆ ತಾವು ನಂಬಿದ ದೈವದ್ದು. ಸತ್ಯಕ್ಕನ ಕಾಯಕವಂತೂ ಶರಣರ ಮನೆಯಂಗಳ ಗುಡಿಸುವುದಾಗಿತ್ತು ಎಂದು ಪರಂಪರೆ ಹೇಳುತ್ತದೆ. ಅಲ್ಲಮರು ಏರಿದ ಪೀಠಕ್ಕೆ ಆ ಪರಂಪರೆ ಕೊಟ್ಟ ಹೆಸರು ಶೂನ್ಯಸಿಂಹಾಸನ. ಸಿಂಹಾಸನವೆಂದರೆ ತುಂಬಿದ ಅಧಿಕಾರ, ಶೂನ್ಯವೆಂದರೆ ಬರಿದು. ಎರಡನ್ನೂ ಒಂದೇ ಪದದಲ್ಲಿ ಕೂಡಿಸಿದ ಆ ಕಲ್ಪನೆಯ ಮುಂದೆ ತತ್ತ್ವಶಾಸ್ತ್ರದ ವಿದ್ಯಾರ್ಥಿ ಬೆರಗಾಗಿ ನಿಲ್ಲಬೇಕು.

ಶರಣರ ಶೂನ್ಯವೂ ಕ್ರೈಸ್ತರ ವಿಶ್ವಾಸವೂ ಒಂದೇ ಎಂದು ಹೇಳಿ ಎರಡನ್ನೂ ಸಡಿಲಗೊಳಿಸುವುದು ನಮ್ಮ ಉದ್ದೇಶವಲ್ಲ. ಆದರೆ ಸಂತ ಪೌಲರು ಫಿಲಿಪ್ಪಿಯವರಿಗೆ ಬರೆದ ಪತ್ರದ ಎರಡನೆಯ ಅಧ್ಯಾಯವನ್ನು ಬಲ್ಲ ಕನ್ನಡ ಕ್ರೈಸ್ತನಿಗೆ ಆ ಪೀಠದ ಹೆಸರು ಅಪರಿಚಿತವೆನಿಸಲಾರದು. ದೇವಸ್ವರೂಪರಾಗಿದ್ದ ಕ್ರಿಸ್ತರು ಆ ಸಮಾನತೆಯನ್ನು ಬಿಗಿಹಿಡಿಯದೆ ತಮ್ಮನ್ನೇ ಬರಿದು ಮಾಡಿಕೊಂಡು ದಾಸನ ರೂಪ ತಾಳಿದರೆಂದು ಪೌಲರು ಅಲ್ಲಿ ಬೋಧಿಸುತ್ತಾರೆ. ನಮ್ಮ ದೈವಶಾಸ್ತ್ರವು ನಮ್ರತೆಗೆ ಹಾಕಿಕೊಟ್ಟ ಬುನಾದಿಯೇ ಇದು. ದೇವರು ಮಾಡಿದ್ದನ್ನು ದೇವರ ಆಳುಗಳೂ ಮಾಡಬೇಕೆಂಬ ತರ್ಕಕ್ಕಿಂತ ಬಲವಾದ ತರ್ಕ ಮತ್ತೊಂದಿಲ್ಲ.

ಶುಭಸಂದೇಶಗಳನ್ನು ಈ ದೃಷ್ಟಿಯಿಂದ ಮತ್ತೊಮ್ಮೆ ಓದಿ ನೋಡಿ. ಕಫೆರ್ನವುಮಿನಲ್ಲಿ ರೋಗಿಗಳನ್ನು ಗುಣಪಡಿಸಿದ ಮರುದಿನ ನಸುಕಿನಲ್ಲೇ ಪ್ರಭು ಯೇಸು ಏಕಾಂತಕ್ಕೆ ಹೋದರು. ಎಲ್ಲರೂ ನಿಮ್ಮನ್ನು ಹುಡುಕುತ್ತಿದ್ದಾರೆ ಎಂಬ ಸುದ್ದಿಯನ್ನು ಶಿಷ್ಯರು ಸಂಭ್ರಮದಿಂದ ತಂದರೆ, ಬೇರೆ ಊರುಗಳಿಗೆ ಹೋಗೋಣವೆಂಬುದು ಅವರ ಉತ್ತರವಾಗಿತ್ತು. ಐದು ಸಾವಿರ ಜನರಿಗೆ ಉಣಬಡಿಸಿದಾಗ ಜನರು ಅವರನ್ನು ಬಲವಂತವಾಗಿ ರಾಜನನ್ನಾಗಿ ಮಾಡಲು ಹೊರಟರು. ಅವರು ಒಬ್ಬರೇ ಬೆಟ್ಟಕ್ಕೆ ಸರಿದುಹೋದರು. ಸ್ನಾನಿಕ ಯೊವಾನ್ನರ ಶಿಷ್ಯರು ಜನರೆಲ್ಲ ಯೇಸುವಿನ ಬಳಿಗೆ ಹೋಗುತ್ತಿದ್ದಾರೆಂದು ಅಸಮಾಧಾನಪಟ್ಟಾಗ, ಆತನು ವೃದ್ಧಿಯಾಗಬೇಕಾದರೆ ತಾನು ಕ್ಷೀಣಿಸಲೇಬೇಕೆಂದು ಯೊವಾನ್ನರು ಸಂತೋಷದಿಂದಲೇ ಹೇಳಿದರು. ಲುಸ್ತ್ರದ ಘಟನೆಯಂತೂ ನಮ್ಮ ಕಾಲಕ್ಕೆಂದೇ ಬರೆದಂತಿದೆ. ಹುಟ್ಟು ಕುಂಟನೊಬ್ಬ ಎದ್ದು ನಡೆದದ್ದನ್ನು ಕಂಡ ಜನ, ಪೌಲ ಮತ್ತು ಬಾರ್ನಬರನ್ನು ದೇವರುಗಳೆಂದು ಕರೆದು ಹೋರಿಗಳನ್ನೂ ಹಾರಗಳನ್ನೂ ತಂದರು. ಆ ಪ್ರೇಷಿತರು ಹಾರಕ್ಕೆ ಕೊರಳು ಚಾಚಲಿಲ್ಲ. ಮೈಮೇಲಿನ ಬಟ್ಟೆ ಹರಿದುಕೊಂಡು ಗುಂಪಿನೊಳಕ್ಕೆ ನುಗ್ಗಿ ತಡೆದರು. ಅದೇ ಅಧ್ಯಾಯದಲ್ಲಿ, ಕೆಲವೇ ಸಾಲುಗಳ ತರುವಾಯ, ಅದೇ ಊರಿನವರು ಪೌಲರಿಗೆ ಕಲ್ಲೆಸೆದು, ಸತ್ತರೆಂದು ತಿಳಿದು ಊರ ಹೊರಗೆ ಎಳೆದು ಹಾಕಿದರು. ಹಾರ ತಂದ ಕೈಗಳಿಗೂ ಕಲ್ಲೆತ್ತಿದ ಕೈಗಳಿಗೂ ನಡುವೆ ಎಷ್ಟು ಕಡಿಮೆ ಅಂತರವಿದೆಯೆಂಬುದನ್ನು ಸಂತ ಲೂಕರು ಯಾವ ವ್ಯಾಖ್ಯಾನವೂ ಇಲ್ಲದೆ ತೋರಿಸಿಬಿಟ್ಟಿದ್ದಾರೆ.

ಇನ್ನು ತತ್ತ್ವಜ್ಞಾನದ ಮಾತಿಗೆ ಬರೋಣ. ಪ್ಲೇಟೋ ತನ್ನ ಗಾರ್ಜಿಯಸ್ ಸಂವಾದದಲ್ಲಿ ಒಂದು ವಿಚಿತ್ರ ನ್ಯಾಯಾಲಯವನ್ನು ಕಲ್ಪಿಸುತ್ತಾನೆ. ಆರೋಪಿ ವೈದ್ಯ, ಆರೋಪ ಹೊರಿಸಿದವನು ಸಿಹಿತಿಂಡಿ ಮಾಡುವ ಅಡಿಗೆಯವನು, ತೀರ್ಪು ಕೊಡುವವರು ಮಕ್ಕಳು. ವೈದ್ಯನು ಕಹಿ ಕುಡಿಸಿದ, ಕೊಯ್ದ, ಉಪವಾಸ ಕೆಡವಿದ. ಅಡಿಗೆಯವನು ಬಗೆಬಗೆಯ ಭಕ್ಷ್ಯ ಕೊಟ್ಟ. ತೀರ್ಪು ಏನಾಗುವುದೆಂದು ಹೇಳಬೇಕಾಗಿಲ್ಲ. ಹಿತವಾದದ್ದು ಬೇರೆ, ಪ್ರಿಯವಾದದ್ದು ಬೇರೆ ಎಂಬ ಈ ವಿವೇಕ ನಮ್ಮ ಉಪನಿಷತ್ತುಗಳಲ್ಲಿಯೂ ಶ್ರೇಯಸ್ಸು, ಪ್ರೇಯಸ್ಸು ಎಂಬ ಹೆಸರಿನಲ್ಲಿ ಇದೆ. ಜನರು ಮಕ್ಕಳಂತೆ ಅವಿವೇಕಿಗಳೆಂದು ನಾವು ಹೇಳುತ್ತಿಲ್ಲ. ಆದರೆ ಗುರು ತನ್ನ ಯಶಸ್ಸನ್ನು ಚಪ್ಪಾಳೆಯಿಂದ ಅಳೆಯತೊಡಗಿದ ದಿನ ಅವನು ವೈದ್ಯನ ಪೆಟ್ಟಿಗೆ ಕೆಳಗಿಟ್ಟು ಮಿಠಾಯಿ ಅಂಗಡಿ ತೆರೆದಂತಾಗುತ್ತದೆ.

ಪ್ರಾಚೀನ ಧರ್ಮಸಭೆಯ ಮಹಾವಾಗ್ಮಿಯಾದ ಸಂತ ಯೊವಾನ್ನ ಕ್ರಿಸೊಸ್ತೋಮರಿಗೆ ಈ ಅಪಾಯ ಚೆನ್ನಾಗಿ ತಿಳಿದಿತ್ತು. ಯಾಜಕತ್ವವನ್ನು ಕುರಿತ ಅವರ ಗ್ರಂಥದ ಐದನೆಯ ಭಾಗ ಬಹುಮಟ್ಟಿಗೆ ಇದೇ ವಿಷಯಕ್ಕೆ ಮೀಸಲು. ಪ್ರಬೋಧಕನಿಗೆ ಮಾತಿನ ಶಕ್ತಿ ಬೇಕು, ಹೊಗಳಿಕೆಯ ಬಗ್ಗೆ ಉದಾಸೀನವೂ ಬೇಕು, ಒಂದಿಲ್ಲದಿದ್ದರೆ ಮತ್ತೊಂದು ವ್ಯರ್ಥ ಎಂಬುದು ಅವರ ವಾದದ ಸಾರ. ಅಂದಿನ ಜನ ದೇವಾಲಯದೊಳಗೇ ಪ್ರಬೋಧನೆಗೆ ಕರತಾಡನ ಮಾಡುತ್ತಿದ್ದರು. ಒಮ್ಮೆ ಅವರು ಇನ್ನು ಮುಂದೆ ಯಾರೂ ಚಪ್ಪಾಳೆ ತಟ್ಟಬಾರದೆಂದು ನಿಯಮ ಮಾಡಹೊರಟಾಗ ಜನರು ಆ ಮಾತಿಗೂ ಚಪ್ಪಾಳೆ ತಟ್ಟಿದರು! ಅರಮನೆಯ ವೈಭವವನ್ನು ಖಂಡಿಸಿದ್ದಕ್ಕಾಗಿ ಇದೇ ಕ್ರಿಸೊಸ್ತೋಮರು ಪೀಠ ಕಳೆದುಕೊಂಡು 407ರಲ್ಲಿ ದೇಶಭ್ರಷ್ಟರಾಗಿ ತೀರಿಕೊಂಡರು. ಹೊಗಳಿಕೆಗೆ ಅಂಟಿಕೊಂಡವರಾಗಿದ್ದರೆ ಆ ಖಂಡನೆಯ ಮಾತು ಅವರ ನಾಲಿಗೆಗೆ ಬರುತ್ತಿರಲಿಲ್ಲ.

ನಮ್ರತೆ ಎಂದರೆ ತನ್ನನ್ನು ಕೀಳೆಂದು ಬಗೆದು ಮೂಲೆ ಸೇರುವುದಲ್ಲ. ಸಂತ ತೋಮಸ್ ಅಕ್ವಿನರು ಹದಿಮೂರನೆಯ ಶತಮಾನದಲ್ಲಿ ಈ ಗೊಂದಲವನ್ನು ಬಿಡಿಸಿದ್ದಾರೆ. ಅವರ ಪ್ರಕಾರ ದೊಡ್ಡ ಕಾರ್ಯಗಳಿಗೆ ಕೈಹಾಕುವ ಮಹಾಮನಸ್ಕತೆಯೂ ನಮ್ರತೆಯೂ ಪರಸ್ಪರ ವಿರೋಧಿಗಳಲ್ಲ. ದೇವರು ಕೊಟ್ಟ ವರವನ್ನು ನೋಡಿ ದೊಡ್ಡದಕ್ಕೆ ಎದ್ದು ನಿಲ್ಲುವುದು ಮೊದಲನೆಯದು. ತನ್ನ ಸ್ವಂತದ ಕೊರತೆಯನ್ನು ನೋಡಿ ಮಿತಿಯಲ್ಲಿ ನಿಲ್ಲುವುದು ಎರಡನೆಯದು. ಕೀರ್ತಿ ಪೊಳ್ಳಾಗುವ ಮೂರು ದಾರಿಗಳನ್ನೂ ಅವರು ಗುರುತಿಸಿದ್ದಾರೆ: ಕೀರ್ತಿಗೆ ಅರ್ಹವಲ್ಲದ ವಸ್ತುವಿಗಾಗಿ ಅದನ್ನು ಬಯಸುವುದು, ಸರಿಯಾಗಿ ತೂಗಿ ನೋಡಲಾರದವರಿಂದ ಬಯಸುವುದು, ದೇವರ ಮಹಿಮೆಯೋ ನೆರೆಯವರ ಹಿತವೋ ಗುರಿಯಾಗಿರದೆ ಬಯಸುವುದು. ಮೊಬೈಲಿನ ಪರದೆಯ ಮೇಲೆ ಏರುವ ಸಂಖ್ಯೆಯನ್ನು ಈ ಮೂರು ಒರೆಗಲ್ಲುಗಳಿಗೆ ಉಜ್ಜಿ ನೋಡುವ ಕೆಲಸವನ್ನು ನಮ್ಮ ಕಿರಿಯ ಗುರುಗಳಿಗೆ ಬಿಡುತ್ತೇವೆ.

ಇಲ್ಲಿ ಒಂದು ನ್ಯಾಯವಾದ ಆಕ್ಷೇಪಣೆ ಏಳುತ್ತದೆ. ದೀಪವನ್ನು ಹಚ್ಚಿ ಕೊಳಗದ ಕೆಳಗಿಡಬಾರದೆಂದು ಪ್ರಭುವೇ ಹೇಳಿಲ್ಲವೇ? ಜನರು ನಿಮ್ಮ ಸತ್ಕಾರ್ಯಗಳನ್ನು ಕಾಣಲಿ ಎಂದಿಲ್ಲವೇ? ಹೌದು. ಅದೇ ಬೆಟ್ಟದ ಮೇಲಿನ ಬೋಧನೆಯಲ್ಲಿ, ಒಂದು ಅಧ್ಯಾಯ ದಾಟುವುದರೊಳಗೆ, ಜನರು ನೋಡಲೆಂದು ಧರ್ಮಕಾರ್ಯ ಮಾಡಬೇಡಿ, ಬಲಗೈ ಕೊಟ್ಟದ್ದು ಎಡಗೈಗೆ ತಿಳಿಯದಿರಲಿ ಎಂದೂ ಹೇಳಿದ್ದಾರೆ. ಎರಡು ಮಾತುಗಳೂ ಒಬ್ಬರದೇ ಆದ್ದರಿಂದ ಅವುಗಳ ನಡುವೆ ವೈರುಧ್ಯವಿರಲಾರದು. ದೀಪ ಉರಿಯುವುದು ಮನೆಯಲ್ಲಿರುವವರಿಗೆ ದಾರಿ ಕಾಣಲೆಂದು. ಕಂಡವರು ಹೊಗಳಬೇಕಾದದ್ದು ಸ್ವರ್ಗದ ತಂದೆಯನ್ನು. ದೀಪದ ಬೆಳಕಿನಲ್ಲಿ ಜನರು ಪರಸ್ಪರರ ಮುಖ ನೋಡಬೇಕೇ ಹೊರತು ದೀಪವನ್ನೇ ದಿಟ್ಟಿಸುತ್ತ ಕುಳಿತರೆ ಕಣ್ಣು ಕತ್ತಲುಗಟ್ಟುತ್ತದೆ. ಆದುದರಿಂದ ಮುದ್ರಣವಾಗಲಿ, ಬಾನುಲಿಯಾಗಲಿ, ಇಂದಿನ ಅಂತರ್ಜಾಲವಾಗಲಿ, ಶುಭಸಂದೇಶ ಸಾರಲು ಬಳಸುವುದು ತಪ್ಪಲ್ಲ. ಕೇಳಿದವನು ಎದ್ದಾಗ ಕ್ರಿಸ್ತರ ಹೆಸರು ಅವನ ಬಾಯಲ್ಲಿದೆಯೋ ಬೋಧಕನ ಹೆಸರಿದೆಯೋ ಎಂಬುದಷ್ಟೇ ಪರೀಕ್ಷೆ. ನಾನು ಪೌಲನವನು, ನಾನು ಅಪೊಲ್ಲೋಸನವನು ಎಂದು ಕೊರಿಂಥದ ಸಭೆ ಒಡೆದಾಗ ಪೌಲರು ಕೇಳಿದ್ದೂ ಇದನ್ನೇ: ನಿಮಗಾಗಿ ಶಿಲುಬೆಗೇರಿದವನು ಪೌಲನೇನು?

ನಮ್ಮ ಕನ್ನಡ ನಾಡಿನಲ್ಲಿ ಈ ಪರೀಕ್ಷೆಯಲ್ಲಿ ಗೆದ್ದವರು ಇದ್ದಾರೆ. ಮಂಗಳೂರಿನ ಸಂತ ಅಲೋಶಿಯಸ್ ವಿದ್ಯಾಸಂಸ್ಥೆಯ ಪ್ರಾರ್ಥನಾಲಯವನ್ನು ನಮ್ಮ ವಾಚಕರಲ್ಲಿ ಅನೇಕರು ನೋಡಿರಬಹುದು. ಅದರ ಗೋಡೆ, ಛಾವಣಿಗಳನ್ನು ಚಿತ್ರಗಳಿಂದ ತುಂಬಿದ ಅಂತೋನಿಯೊ ಮೊಸ್ಕೇನಿಯವರು ಇಟಲಿಯ ಬೆರ್ಗಾಮೊ ಬಳಿಯ ಊರೊಂದರಲ್ಲಿ 1854ರಲ್ಲಿ ಹುಟ್ಟಿದವರು. ಚಿತ್ರಕಾರರಾಗಿ ಹೆಸರು ಮಾಡುತ್ತಿದ್ದ ವಯಸ್ಸಿನಲ್ಲಿ, 1889ರಲ್ಲಿ, ಅವರು ಯೇಸುಸಭೆಯನ್ನು ಸೇರಿದರು. ಅದೂ ಯಾಜಕರಾಗಿ ಅಲ್ಲ, ಪೂಜಾಪೀಠದ ಗೌರವವಿಲ್ಲದ ಸಹೋದರರಾಗಿ. 1899ರಲ್ಲಿ ಅಲೋಶಿಯಸ್ ಪ್ರಾರ್ಥನಾಲಯದ ಕೆಲಸ ಆರಂಭಿಸಿ ಎರಡು ವರ್ಷಗಳಿಗೂ ಮಿಕ್ಕಿ ದುಡಿದರು. 1905ರಲ್ಲಿ ಕೊಚ್ಚಿಯಲ್ಲಿ ತೀರಿಕೊಂಡರು. ಅವರು ಬಿಟ್ಟದ್ದು ಕೀರ್ತಿಯ ಮಾರುಕಟ್ಟೆಯನ್ನು, ಕುಂಚವನ್ನು ಬಿಡಲಿಲ್ಲ. ವರವನ್ನು ಹೂಳುವುದೇ ನಮ್ರತೆ ಎಂದು ತಿಳಿದವರಿಗೆ ಆ ಗೋಡೆಗಳೇ ಉತ್ತರ.

ಅದೇ ಮಂಗಳೂರಿನ ಕಂಕನಾಡಿಯಲ್ಲಿ ಜರ್ಮನಿಯಿಂದ ಬಂದ ಫಾದರ್ ಆಗಸ್ಟಸ್ ಮುಲ್ಲರ್ ಅವರು 1880ರಲ್ಲಿ ಹೋಮಿಯೋಪಥಿ ಔಷಧಿ ಕೊಡಲು ಆರಂಭಿಸಿದರು. ಅವರು ಸಂಸ್ಥೆಗೆ ಇಟ್ಟ ಹೆಸರಿನಲ್ಲಿ ಇದ್ದದ್ದು ಎರಡೇ ವಿಷಯ: ಹೋಮಿಯೋಪಥಿ ಮತ್ತು ಬಡವರು. ಬಡವರ ಹೋಮಿಯೋಪಥಿ ಔಷಧಾಲಯವೆಂಬುದೇ ಅದರ ಹೆಸರು. 1890ರಲ್ಲಿ ಕುಷ್ಠರೋಗಿಗಳಿಗೆ ಆಶ್ರಯ ಕಟ್ಟಿದರು; ಪ್ಲೇಗು ಬಂದಾಗ ಅದಕ್ಕೂ ಆಸ್ಪತ್ರೆ ತೆರೆದರು; 1910ರಲ್ಲಿ ತೀರಿಕೊಂಡರು. ಇಂದು ಆ ಸಂಸ್ಥೆ ಅವರ ಹೆಸರಿನಿಂದಲೇ ಪ್ರಸಿದ್ಧವಾಗಿದೆ. ಆದರೆ ಆ ಹೆಸರನ್ನು ಇಟ್ಟವರು ಅವರ ತರುವಾಯದ ಕೃತಜ್ಞರು. ಹೆಸರು ಹೀಗೆ ಬರುವುದಾದರೆ ಬರಲಿ. ತಾನು ಬದುಕಿರುವಾಗಲೇ ಕಲ್ಲಿನಲ್ಲಿ ಕೊರೆಸಿಕೊಳ್ಳುವ ಹೆಸರಿಗೂ ಸತ್ತ ಮೇಲೆ ಜನರು ಎತ್ತಿ ಇಟ್ಟ ಹೆಸರಿಗೂ ಅಜಗಜಾಂತರವಿದೆ.

ಮೂರನೆಯ ನಿದರ್ಶನ ಇನ್ನೂ ಸೂಕ್ಷ್ಮವಾದುದು. 1799ರಲ್ಲಿ ಟಿಪ್ಪೂ ಸುಲ್ತಾನ್ ಮಡಿದ ತರುವಾಯ ಶ್ರೀರಂಗಪಟ್ಟಣಕ್ಕೆ ಬಂದು, ಹಾಸನದ ಬಳಿಯ ಸತ್ತಿಹಳ್ಳಿಯಲ್ಲಿ ರೈತರನ್ನು ನೆಲೆಗೊಳಿಸಿ, ಸಿಡುಬಿನ ಲಸಿಕೆ ಹಾಕಿಸಲು ದುಡಿದ ಅಬ್ಬೆ ದುಬುವಾ ಅವರ ಉಪಕಾರವನ್ನು ಈ ನಾಡು ಮರೆಯಲಾರದು. ಹಿಂದೂಗಳ ಆಚಾರವಿಚಾರಗಳನ್ನು ಕುರಿತ ಅವರ ಗ್ರಂಥ ಯೂರೋಪಿನಲ್ಲಿ ಪ್ರಸಿದ್ಧವಾಯಿತು. 1987ರಲ್ಲಿ ಫ್ರೆಂಚ್ ವಿದುಷಿ ಸಿಲ್ವಿಯಾ ಮ್ಯೂರ್ ಅವರು ಪ್ರಕಟಿಸಿದ ಸಂಶೋಧನೆಯು, ಆ ಗ್ರಂಥಕ್ಕೆ ಆಧಾರವಾದದ್ದು ಕೇರ್ಡೂ ಎಂಬ ಹಿಂದಿನ ತಲೆಮಾರಿನ ಯೇಸುಸಭೆಯ ಗುರುವಿನ ಕಳೆದುಹೋದ ಹಸ್ತಪ್ರತಿಯೆಂದು ತೋರಿಸಿತು. ಈ ಕೇರ್ಡೂ ಅವರೇ 1767ರಲ್ಲಿ ಸಂಸ್ಕೃತಕ್ಕೂ ಗ್ರೀಕ್, ಲ್ಯಾಟಿನ್‌ಗಳಿಗೂ ಇರುವ ಬಂಧುತ್ವವನ್ನು ಫ್ರಾನ್ಸಿನ ಪಂಡಿತರಿಗೆ ಬರೆದು ತಿಳಿಸಿದ್ದರು. ಅದು ಅಚ್ಚಾದದ್ದು 1808ರಲ್ಲಿ. ಅಷ್ಟರಲ್ಲಿ 1786ರ ಭಾಷಣದಿಂದ ವಿಲಿಯಂ ಜೋನ್ಸರಿಗೆ ಆ ಕೀರ್ತಿ ಸಂದಿತ್ತು. ಎರಡು ಸಲ ಕೀರ್ತಿ ಕೈತಪ್ಪಿದರೂ ಆ ಗುರುವಿನ ಶ್ರಮ ವ್ಯರ್ಥವಾಗಲಿಲ್ಲ. ಸತ್ಯವು ಹೊತ್ತು ತಂದವನ ಹೆಸರನ್ನು ಕಳೆದುಕೊಂಡರೂ ತಾನು ತಲುಪಬೇಕಾದಲ್ಲಿಗೆ ತಲುಪಿತು.

ಆದರೆ ಈ ಮೂರನೆಯ ನಿದರ್ಶನವೇ ನಮ್ಮನ್ನು ಒಂದು ಎಚ್ಚರಿಕೆಯ ಮುಂದೆ ನಿಲ್ಲಿಸುತ್ತದೆ. ತನ್ನ ಹೆಸರನ್ನು ತಾನೇ ಬಿಟ್ಟುಕೊಡುವುದು ನಮ್ರತೆ. ಇನ್ನೊಬ್ಬರ ಹೆಸರನ್ನು ಮರೆಮಾಡುವುದು ಅನ್ಯಾಯ. ನಮ್ಮ ಧರ್ಮಕೇಂದ್ರಗಳಲ್ಲಿ ಮಕ್ಕಳಿಗೆ ಧರ್ಮೋಪದೇಶ ಕಲಿಸುವ ಉಪದೇಶಿಗಳಿದ್ದಾರೆ. ರೋಗಿಗಳ ಮನೆಗೆ ನಡೆದು ಹೋಗುವ ಕನ್ಯಾಸ್ತ್ರೀಯರಿದ್ದಾರೆ. ಬೆಳಗಿನ ಐದು ಗಂಟೆಗೆ ಗಂಟೆ ಬಾರಿಸಿ ಪೂಜಾಪೀಠ ಸಜ್ಜುಗೊಳಿಸುವವರಿದ್ದಾರೆ. ಗುರುಗಳ ಅಡಿಗೆ ಮಾಡುವ ಹೆಂಗಸರಿದ್ದಾರೆ. ಇವರ ಕೂಲಿ, ಇವರ ದುಡಿಮೆ, ಇವರ ಮಾತು ಲೆಕ್ಕಕ್ಕೆ ಬಾರದಿದ್ದಾಗ, ನಮ್ರರಾಗಿರಿ ಎಂದು ಅವರಿಗೆ ಬೋಧಿಸುವುದು ಶುಭಸಂದೇಶದ ಅಪಹಾಸ್ಯ. ನಮ್ರತೆಯನ್ನು ಮೇಲಿರುವವನು ತಾನು ಪಾಲಿಸಬೇಕು. ಕೆಳಗಿರುವವನಿಂದ ವಸೂಲು ಮಾಡಬಾರದು. ಕಡೆಯ ಭೋಜನದಂದು ಪಾದ ತೊಳೆದವರು ಗುರು, ಶಿಷ್ಯರಲ್ಲ.

ಜನಪ್ರಿಯತೆಯ ಅಪಾಯ ಗುರುವಿನ ಅಹಂಕಾರದಲ್ಲಿಯೇ ಮುಗಿಯುವುದಿಲ್ಲವೆಂದು ಆರಂಭದಲ್ಲಿಯೇ ಹೇಳಿದೆವು. ಅದಕ್ಕೆ ಕಹಿಯಾದ ಪುರಾವೆಯೊಂದನ್ನು ನಾವು ನುಂಗಬೇಕಾಗಿದೆ. ಬುದ್ಧಿಮಾಂದ್ಯರೊಂದಿಗೆ ಬಾಳುವ ಲಾರ್ಷ್ ಸಮುದಾಯಗಳನ್ನು 1964ರಲ್ಲಿ ಫ್ರಾನ್ಸಿನಲ್ಲಿ ಆರಂಭಿಸಿದ ಜಾನ್ ವನಿಯೇ ಗುರುವಲ್ಲದಿದ್ದರೂ ಜಗತ್ತೆಲ್ಲ ಸಂತನೆಂದು ಕೊಂಡಾಡಿದ ವ್ಯಕ್ತಿ. ಬೆಂಗಳೂರಿನ ಆಶಾ ನಿಕೇತನ 1970ರಲ್ಲಿ ಅದೇ ಸಮುದಾಯದ ಭಾಗವಾಗಿ ಹುಟ್ಟಿತು. 2019ರಲ್ಲಿ ವನಿಯೇ ತೀರಿಕೊಂಡ ತರುವಾಯ, ಲಾರ್ಷ್ ಸಂಸ್ಥೆಯೇ ನಡೆಸಿದ ತನಿಖೆಯ ವರದಿಗಳು 2020 ಮತ್ತು 2023ರಲ್ಲಿ ಹೊರಬಂದವು. ಆಧ್ಯಾತ್ಮಿಕ ಮಾರ್ಗದರ್ಶನದ ಮರೆಯಲ್ಲಿ ಆತ ದಶಕಗಳ ಕಾಲ ಮಹಿಳೆಯರನ್ನು ದುರುಪಯೋಗಪಡಿಸಿಕೊಂಡಿದ್ದನೆಂದೂ ಅಂಥವರು ಕನಿಷ್ಠ 25 ಮಂದಿಯೆಂದೂ ಅವು ತಿಳಿಸಿದವು. ಅವನ ಕೀರ್ತಿಯೇ ಅವರ ಬಾಯಿಗೆ ಬೀಗವಾಯಿತು. ಸಂತನೆಂದು ಲೋಕವೇ ಒಪ್ಪಿದವನ ವಿರುದ್ಧ ಒಬ್ಬ ಹೆಂಗಸು ಹೇಳಿದರೆ ನಂಬುವವರಾರು? ಸತ್ಯವನ್ನು ತಾವೇ ಹೊರಗೆಳೆದು ಪ್ರಕಟಿಸಿದ ಆ ಸಂಸ್ಥೆಯ ಪ್ರಾಮಾಣಿಕತೆಗೆ ತಲೆಬಾಗಬೇಕು. ಅದರಿಂದ ಕಲಿಯಬೇಕಾದ ಪಾಠ ಇಷ್ಟು: ಯಾವ ಸೇವಕನನ್ನೂ ಪ್ರಶ್ನೆಗೆ ಮೀರಿದ ಎತ್ತರದಲ್ಲಿ ನಿಲ್ಲಿಸಬೇಡಿ. ಆ ಎತ್ತರ ಅವನಿಗೂ ಒಳ್ಳೆಯದಲ್ಲ, ಅವನ ನೆರಳಿನಲ್ಲಿ ನಿಂತವರಿಗೂ ಒಳ್ಳೆಯದಲ್ಲ.

ಇಷ್ಟು ದೊಡ್ಡ ಅನಾಹುತ ಎಲ್ಲೆಡೆ ಆಗುವುದಿಲ್ಲ, ನಿಜ. ಆದರೆ ಸಣ್ಣ ರೂಪದಲ್ಲಿ ಅದೇ ನ್ಯಾಯ ನಮ್ಮ ಹಳ್ಳಿಗಳಲ್ಲಿಯೂ ನಡೆಯುತ್ತದೆ. ನಮ್ಮದು ಕೆರೆಗಳ ಸೀಮೆ. ಕೆರೆಯ ತೂಬು ತೆರೆದು ಗದ್ದೆಗಳಿಗೆ ನೀರು ಹಂಚುವ ನೀರಗಂಟಿಯನ್ನು ಹಿರಿಯರು ಬಲ್ಲರು. ತೂಬಿನ ಬಳಿ ಗದ್ದೆಯಿರುವವರು ಗಟ್ಟಿ ದನಿಯವರಾಗಿದ್ದು, ಅವರನ್ನು ಮೆಚ್ಚಿಸಲು ನೀರಗಂಟಿ ಅವರ ಗದ್ದೆಗೆ ಹೆಚ್ಚು ಹೊತ್ತು ನೀರು ಬಿಟ್ಟರೆ ಅವನಿಗೆ ಹೊಗಳಿಕೆಗೇನೂ ಕೊರತೆಯಾಗದು. ಒಣಗುವುದು ಕಾಲುವೆಯ ಕೊನೆಯ ಗದ್ದೆ. ಆ ಗದ್ದೆಯವನು ಹೊಗಳುವುದಕ್ಕೂ ಬರುವುದಿಲ್ಲ, ಬಯ್ಯುವುದಕ್ಕೂ ಬರುವುದಿಲ್ಲ. ಸುಮ್ಮನೆ ಕೂಲಿಗೆ ಹೋಗುತ್ತಾನೆ. ಧರ್ಮಕೇಂದ್ರದ ಗುರುವೂ ಒಬ್ಬ ನೀರಗಂಟಿ. ಜನಪ್ರಿಯತೆಯ ಆಸೆ ಹುಟ್ಟಿದಾಗ ಅವನ ಸಮಯ ಯಾರ ಮನೆಗೆ ಹರಿಯುತ್ತದೆಂದು ಗಮನಿಸಿ. ಕಾರ್ಯಕ್ರಮಕ್ಕೆ ಹಣ ಕೊಡುವವರ ಮನೆಗೆ, ಮಾತಿನಲ್ಲಿ ಬಲವಿರುವವರ ಮನೆಗೆ. ಅಡಿಕೆ ತೋಟದ ಕೂಲಿಯವನ, ಗಂಡನ ಕುಡಿತದಿಂದ ಬೆಂದ ಹೆಂಗಸಿನ, ಹಾಸಿಗೆ ಹಿಡಿದ ಮುದುಕಿಯ ಮನೆಗೆ ಹೋದರೆ ಹೊಗಳಿಕೆ ಹುಟ್ಟುವುದಿಲ್ಲವಾದ್ದರಿಂದ ಅಲ್ಲಿಗೆ ಹೋಗುವುದು ನಾಳೆಗೆ, ನಾಳಿದ್ದಿಗೆ ಮುಂದೂಡಲ್ಪಡುತ್ತದೆ. ಅಣ್ಣತಮ್ಮಂದಿರ ಗಡಿಜಗಳದಲ್ಲಿ ನ್ಯಾಯ ಹೇಳಬೇಕಾದ ಮಾತು, ಸಾಲ ಮಾಡಿ ಮದುವೆ ಮಾಡಬೇಡಿರೆಂಬ ಮಾತು, ಸಾರಾಯಿಯ ವಿರುದ್ಧದ ಮಾತು, ಇವೆಲ್ಲ ಗಂಟಲಲ್ಲಿಯೇ ಉಳಿಯುತ್ತವೆ. ಎಲ್ಲರೂ ಹೊಗಳುವಾಗ ನಿಮಗೆ ಅಯ್ಯೋ ಎಂದು ಪ್ರಭು ಎಚ್ಚರಿಸಿದ್ದು ಸುಮ್ಮನಲ್ಲ.

ಬಳ್ಳಿಗಾವೆಯ ಕೋಡಿಯಮಠಕ್ಕೆ ಸೇರಿದ 1162ರ ಶಾಸನವೊಂದು ಆ ಮಠದಲ್ಲಿ ದೀನರಿಗೆ, ಕುರುಡರಿಗೆ, ಕುಂಟರಿಗೆ, ನಾನಾ ಮತಗಳ ಸಂನ್ಯಾಸಿಗಳಿಗೆ ಅನ್ನವಿತ್ತೆಂದೂ ದಿಕ್ಕಿಲ್ಲದ ರೋಗಿಗಳಿಗೆ ಔಷಧಿಯಿತ್ತೆಂದೂ ವಿವರಿಸುತ್ತದೆ. ಸುಮಾರು 860 ವರ್ಷಗಳ ಹಿಂದಿನ ಮಾತು. ಅಲ್ಲಿ ಒಲೆಯ ಮುಂದೆ ನಿಂತು ಬೇಯಿಸಿದವರು, ಕುರುಡನ ಕೈಹಿಡಿದು ಎಲೆಯ ಮುಂದೆ ಕೂರಿಸಿದವರು ಯಾರೆಂದು ಇಂದು ನಮಗೆ ತಿಳಿಯದು. ಉಂಡವರ ಹಸಿವು ಮಾತ್ರ ನಿಜವಾಗಿಯೂ ತಣಿದಿತ್ತು. ಸೇವೆಯ ಪರಮಾರ್ಥ ಅಲ್ಲಿಗೆ ಸಂಪೂರ್ಣವಾಯಿತು.

ಸಂಸ್ಕಾರಗಳ ಬಗ್ಗೆ ಧರ್ಮಸಭೆ ಬೋಧಿಸುವುದೂ ಇದನ್ನೇ. ದೊನಾತಿಯರೊಡನೆ ವಾದಿಸುವಾಗ ಸಂತ ಅಗಸ್ಟೀನರು ಒಂದು ಮಾತನ್ನು ಒತ್ತಿ ಹೇಳಿದರು: ಸ್ನಾನದೀಕ್ಷೆ ಕೊಡುವ ಕೈ ಯಾರದ್ದಾದರೂ ನಿಜವಾಗಿ ದೀಕ್ಷೆ ಕೊಡುವವರು ಕ್ರಿಸ್ತರು, ಕಲ್ಲಿನ ಕಾಲುವೆಯಲ್ಲಿ ಹರಿದ ನೀರು ಕಲ್ಲಿಗೆ ಏನನ್ನೂ ಬಿಡದೆ ತೋಟವನ್ನು ತಲುಪುತ್ತದೆ. ಇದು ವಿಶ್ವಾಸಿಗಳಿಗೆ ಸಮಾಧಾನದ ಮಾತು, ಗುರುಗಳಿಗೆ ವಿನಯದ ಪಾಠ. ಮಾತಿನಲ್ಲಿ ಮೋಡಿ ಮಾಡುವ ಗುರು ಅರ್ಪಿಸಿದ ಬಲಿಪೂಜೆಗೂ, ತೊದಲುವ ಮುದಿ ಗುರು ಅರ್ಪಿಸಿದ ಬಲಿಪೂಜೆಗೂ ಕೂದಲೆಳೆಯ ವ್ಯತ್ಯಾಸವಿಲ್ಲ. ಹಾಗಿರುವಾಗ ಯಾವ ಗುರುವಿದ್ದಾರೆಂದು ವಿಚಾರಿಸಿಕೊಂಡು ಪೂಜೆಗೆ ಹೋಗುವ ನಮ್ಮ ಅಭ್ಯಾಸ ಎಲ್ಲಿಂದ ಬಂತು?

ಹಾಗಾದರೆ ಮಾಡಬೇಕಾದದ್ದೇನು? ಕೆಲವು ಸಣ್ಣ ಸಂಗತಿಗಳನ್ನು ಮುಂದಿಡುತ್ತೇವೆ. 1988ರಲ್ಲಿ ಹುಟ್ಟಿದ ನಮ್ಮ ಶಿವಮೊಗ್ಗ ಧರ್ಮಕ್ಷೇತ್ರ ಇನ್ನೂ ಕಿರಿಯದು. ಕಿರಿಯದರಲ್ಲಿ ಒಳ್ಳೆಯ ರೂಢಿಗಳನ್ನು ನೆಡುವುದು ಸುಲಭ. ಕಟ್ಟಡಗಳ ಮೇಲೆ ಬದುಕಿರುವ ಗುರುಗಳ ಹೆಸರು ಕೊರೆಸುವುದನ್ನು ನಿಲ್ಲಿಸೋಣ. ಊರ ಜನರ ಕಾಣಿಕೆಯಿಂದ ಕಟ್ಟಿದ್ದೆಂದು ವರ್ಷದೊಡನೆ ಬರೆದರೆ ಸಾಕು. ಗುರುವಿನ ಹುಟ್ಟುಹಬ್ಬದ ಫಲಕಕ್ಕೆ ಕೊಡುವ ಹಣ ಒಬ್ಬ ಹುಡುಗಿಯ ಶಾಲಾ ಶುಲ್ಕಕ್ಕೆ ಹೋಗಲಿ. ವರ್ಷಕ್ಕೊಮ್ಮೆ ಉಪದೇಶಿಗಳನ್ನೂ ಕನ್ಯಾಸ್ತ್ರೀಯರನ್ನೂ ದೇವಾಲಯ ಗುಡಿಸುವವರನ್ನೂ ಹೆಸರು ಹಿಡಿದು ಕರೆದು ವಂದಿಸೋಣ. ಲೆಕ್ಕಪತ್ರ ಗುರುವಿನ ಒಳ್ಳೆಯತನದ ಮೇಲೆ ನಿಲ್ಲದೆ ಎಲ್ಲರ ಕಣ್ಣಿನ ಮುಂದೆ ನಿಲ್ಲಲಿ. ವರ್ಗಾವಣೆಯ ಆಜ್ಞೆ ಬಂದಾಗ ಧರ್ಮಾಧ್ಯಕ್ಷರ ಬಳಿಗೆ ಮನವಿ ಹೊತ್ತು ಓಡುವುದನ್ನು ಬಿಡೋಣ. ಒಬ್ಬ ಗುರು ಹೋದ ಕೂಡಲೇ ಧರ್ಮಕೇಂದ್ರ ಕುಸಿಯುವುದಾದರೆ ಅವರು ಕಟ್ಟಿದ್ದು ಧರ್ಮಸಭೆಯನ್ನಲ್ಲ, ತಮ್ಮ ಅಭಿಮಾನಿ ಬಳಗವನ್ನು.

ಇಲ್ಲಿ ವಿಶ್ವಾಸಿಗಳ ಪಾಲೂ ಇದೆ ಎಂಬುದನ್ನು ಹೇಳದಿದ್ದರೆ ಮಾತು ಅರ್ಧವಾಗುತ್ತದೆ. ಗುರುವನ್ನು ಜನಪ್ರಿಯತೆಯ ಚಟಕ್ಕೆ ನೂಕುವವರಲ್ಲಿ ನೀವೂ ಇದ್ದೀರಿ. ಹಿಂದಿನ ಗುರುಗಳು ಹೀಗಿರಲಿಲ್ಲ ಎಂದು ಹೊಸಬರ ಮುಂದೆ ಹೇಳುವ ಒಂದೊಂದು ಮಾತೂ ಅವರನ್ನು ಸ್ಪರ್ಧೆಗೆ ಇಳಿಸುತ್ತದೆ. ಗುರುವನ್ನು ಪ್ರೀತಿಸಿ, ಅವರಿಗಾಗಿ ಪ್ರಾರ್ಥಿಸಿ, ಅವರು ತಪ್ಪಿದಾಗ ಗೌರವದಿಂದ ತಿದ್ದಿ; ಆದರೆ ಹೊಗಳಿಕೆಯ ಹಾರ ಹಾಕಿ ಕಲ್ಲಾಗಿಸಬೇಡಿ. ಒಂಟಿತನದಲ್ಲಿ ಬಾಳುವ ಗುರುವಿಗೆ ಒಂದು ಆತ್ಮೀಯ ಮಾತು ಬೇಕು, ಸಂಶಯವಿಲ್ಲ. ಪ್ರೀತಿಗೂ ಜನಪ್ರಿಯತೆಗೂ ಇರುವ ವ್ಯತ್ಯಾಸವೇ ಅದು: ಪ್ರೀತಿ ಹೆಸರು ಹಿಡಿದು ಕರೆಯುತ್ತದೆ, ಊಟವಾಯಿತೇ ಎಂದು ಕೇಳುತ್ತದೆ, ಜನಪ್ರಿಯತೆ ಹೆಸರನ್ನು ಕೂಗುತ್ತದೆ, ಮುಂದೆ ಹೋಗುತ್ತದೆ.

ರೋಮಿನ ಪೀಠವನ್ನಲಂಕರಿಸಿದ ಮಹಾ ಗ್ರೆಗೊರಿಯವರು ಸುಮಾರು 1400 ವರ್ಷಗಳ ಹಿಂದೆ ತಮಗೆ ಇಟ್ಟುಕೊಂಡ ಬಿರುದು ದೇವರ ಸೇವಕರ ಸೇವಕನೆಂಬುದು. ಪೋಪ್ ಫ್ರಾನ್ಸಿಸ್ ಅವರು 2025ರ ಏಪ್ರಿಲ್ 21ರಂದು ದೈವಾಧೀನರಾದರು. ಜಗತ್ತಿನ ಕೋಟ್ಯಂತರ ಜನ ಮೆಚ್ಚಿದ ಅವರು ತಮ್ಮ ಉಯಿಲಿನಲ್ಲಿ ಕೇಳಿಕೊಂಡದ್ದು ನೆಲದೊಳಗಿನ ಸರಳ ಸಮಾಧಿಯನ್ನು. ಅದರ ಮೇಲೆ ಯಾವ ಅಲಂಕಾರವೂ ಬೇಡ, ಫ್ರಾನ್ಸಿಸ್ಕಸ್ ಎಂಬ ಒಂದೇ ಪದ ಸಾಕೆಂದು. ಜನಪ್ರಿಯತೆ ಬಂದರೂ ಅದನ್ನು ಕೊನೆಯ ಮೆಟ್ಟಿಲಿನಲ್ಲಿ ಹೊರಗೆ ಬಿಟ್ಟು ಒಳಗೆ ಹೋಗಬಹುದೆಂದು ಅವರು ತೋರಿಸಿದರು.

ನಮ್ಮಲ್ಲಿ ಹೆಚ್ಚಿನ ಗುರುಗಳಿಗೆ ಅಂಥ ಕೀರ್ತಿಯ ಪರೀಕ್ಷೆ ಬರುವುದಿಲ್ಲ. ಬರುವುದು ದಿನದಿನದ ಸಣ್ಣ ಪರೀಕ್ಷೆ. ಈ ವಾರ ಕಾಲುವೆಯ ಕೊನೆಯ ಗದ್ದೆಗೆ ನೀರು ಮುಟ್ಟಿತೇ? ಹೊಗಳಲಾರದವರ ಮನೆಯ ಬಾಗಿಲು ತಟ್ಟಿದೆವೇ? ಈ ಎರಡು ಪ್ರಶ್ನೆಗಳಿಗೆ ಹೌದೆಂದು ಉತ್ತರಿಸಬಲ್ಲ ಗುರುವಿಗೆ ಫಲಕ ಬೇಕಾಗಿಲ್ಲ. ಗುಪ್ತವಾದುದನ್ನು ಕಾಣುವ ತಂದೆಯೊಬ್ಬರು ಇದ್ದಾರೆಂದು ನಾವೆಲ್ಲ ಬೋಧಿಸುತ್ತೇವೆ. ಬೋಧಿಸಿದ್ದನ್ನು ನಂಬುವ ಅನುಗ್ರಹವನ್ನು ಆ ತಂದೆ ನಮಗೆ ಕರುಣಿಸಲಿ.